ಇರುವೆ ಎಳೆಯದ ಗೆರೆಗಳು

ಮತ್ತೆ ಸತ್ತೆ.

ಇದು ಹದಿನಾಲ್ಕನೆಯ ಸಲ. ಪರದೆ ಕೆಂಪಗಾಯಿತು. ಕೈಯಲ್ಲಿದ್ದ ಬಂದೂಕು ಜಾರಿ ಬಿತ್ತು. ಕೊಂಬಿನ ದೆವ್ವವೊಂದು ನನ್ನ ಮೇಲೆ ಬಗ್ಗಿ ಗುರುಗುಟ್ಟಿತು. ಮೊದಲ ಕೋಣೆಯ ಬಾಗಿಲು ಇನ್ನೂ ಹತ್ತು ಹೆಜ್ಜೆ ಆಚೆಗೇ ಇತ್ತು.

"ಮೇಡಂ, ನೀವು ನೆಲ ನೋಡ್ಕೊಂಡು ಗುಂಡು ಹೊಡೀತಿದೀರಿ."

"ಗೊತ್ತು."

"ಎಡಕ್ಕೆ ಸರೀರಿ ಅಂದೆ. ನೀವು ಬಲಕ್ಕೆ ಹೋದ್ರಿ."

"ಅದೂ ಗೊತ್ತು!" ಎಂದು ಮೌಸನ್ನು ಮೇಜಿನ ಮೇಲೆ ಕುಕ್ಕಿದೆ.

ಇಪ್ಪತ್ತಾರು ವರ್ಷ ಕೋರ್ಟಿಗೆ ಬಂದ ಸಹಿಗಳನ್ನು ಭೂತಗನ್ನಡಿಯಡಿ ಹಿಡಿದು, ಅಸಲಿ ಯಾವುದು ನಕಲಿ ಯಾವುದು ಎಂದು ಹೇಳಿದವಳು ನಾನು. ಈಗ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಮೂವತ್ತು ವರ್ಷ ಹಳೆಯದಾದ ಒಂದು ಗುಂಡು ಹಾರಿಸುವ ಆಟದ ಮುಂದೆ ಮೊದಲ ಕೋಣೆಯನ್ನೂ ದಾಟಲಾರದೆ ಕೂತಿದ್ದೆ.

ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಅವಳ ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಈ ಆಟಕ್ಕೆ ಹೊಸ ಹೊಸ ಲೆವೆಲ್, ಅಂದರೆ ಆಡುವ ಕೋಣೆ ಓಣಿಗಳನ್ನು, ಕಟ್ಟಿ ಇಂಟರ್ನೆಟ್ಟಿನಲ್ಲಿ ಹಾಕುವವರ ನಡುವೆ ಅವನ ಹೆಸರು 'ಇರುವೆ'. ಅವನು ಕೆಲಸದ ಚೀಲ ಹೆಗಲಿಗೆ ಹಾಕಿಕೊಂಡು ಮನೆಯಿಂದ ಹೊರಟು ಅವತ್ತಿಗೆ ನಲವತ್ತೊಂದು ದಿನ. ಚೀಲವೂ ಸಿಕ್ಕಿಲ್ಲ, ಅವನೂ ಸಿಕ್ಕಿಲ್ಲ.

ಸಿಕ್ಕಿದ್ದು ಮೂರು ಲೆವೆಲ್‌ಗಳು. ಅವನು ಕಾಣೆಯಾದ ಮೇಲೆ, ಅವನದೇ ಖಾತೆಯಿಂದ ಬಂದವು.

"ಆಟ ಕಟ್ಟಿ ಹಾಕ್ತಿದಾನೆ ಅಂದ್ರೆ ಕೈಕಾಲು ನೆಟ್ಟಗಿದೆ ಅಂತ ತಾನೆ?" ಎಂದಿದ್ದರಂತೆ ಠಾಣೆಯ ಅಧಿಕಾರಿ. "ಮನೆ ಬೇಜಾರಾಗಿ ಹೋಗಿದಾನೆ. ದೊಡ್ಡವನು, ಕಿವಿ ಹಿಡಿದು ಎಳ್ಕೊಂಡು ಬರೋಕಾಗುತ್ತಾ?" ಫೈಲು ಮುಚ್ಚಿಬಿಟ್ಟಿದ್ದರು.

"ಇವು ಅವನು ಕಟ್ಟಿದ್ದಲ್ಲ ಮೇಡಂ," ಎಂದಳು ಅಕ್ಕ, ಆ ಮಂಗಳವಾರ ಬೆಳಿಗ್ಗೆ ಆರನೆಯ ಸಲ.

"ಹೇಗೆ ಹೇಳ್ತೀರಿ?"

"ಗೊತ್ತು, ಅಷ್ಟೆ."

"ಗೊತ್ತು ಅಷ್ಟೆ ಅಂತ ಠಾಣೆಗೆ ಬರೆದುಕೊಡ್ಲಾ? ಅವರು ನನ್ನನ್ನ ಕೂರಿಸಿ ನೀರು ಕೊಟ್ಟು ಕಳಿಸ್ತಾರೆ."

ಅವಳು ಮುಖ ತಿರುಗಿಸಿದಳು. ನನಗೂ ಪಿಚ್ಚೆನಿಸಿತು. ಸಿಟ್ಟು ಅವಳ ಮೇಲಲ್ಲ. ಓದಲು ಬಾರದ ಲಿಪಿಯಲ್ಲಿ ಬರೆದ ಕಾಗದ ಕೈಗೆ ಕೊಟ್ಟು ಸಹಿ ಅಸಲಿಯೋ ನಕಲಿಯೋ ಹೇಳು ಎಂದ ಹಾಗಾಗಿತ್ತು ನನ್ನ ಸ್ಥಿತಿ.

ಅಷ್ಟರಲ್ಲಿ ನಮ್ಮನೆಯವರು ಟೀ ತಂದರು. ನಲವತ್ತು ವರ್ಷ ಲೇತ್ ಮಷೀನಿನ ಮುಂದೆ ನಿಂತು ನಿವೃತ್ತರಾದವರು. ಲೋಟ ಇಟ್ಟು ಪರದೆ ನೋಡಿದರು.

"ನಾನೊಂದು ಕೈ ನೋಡ್ಲಾ?"

"ನೋಡಿ. ನೀವೂ ಸಾಯಿರಿ."

ಅವರು ಸಾಯಲಿಲ್ಲ. ನಾಲ್ಕು ನಿಮಿಷದಲ್ಲಿ ಮೊದಲ ಕೋಣೆ, ಹತ್ತು ನಿಮಿಷದಲ್ಲಿ ಸೇತುವೆ, ನನ್ನ ಟೀ ಆರುವ ಹೊತ್ತಿಗೆ ನೀಲಿ ಕೀಲಿ. ನಾನು ತುಟಿ ಕಚ್ಚಿಕೊಂಡು ಕೂತೆ. ಒಂದು ಓಣಿಯಲ್ಲಿ ಅವರ ಬೆನ್ನ ಹಿಂದಿನ ಗೋಡೆ ಸರ್ರನೆ ಇಳಿದು ಮೂರು ದೆವ್ವಗಳು ನುಗ್ಗಿದವು.

"ಥೂ, ಇದು ಮೋಸ!" ಎಂದರು ನಮ್ಮನೆಯವರು.

"ನೋಡಿದ್ರಾ?" ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. "ಇರುವೆ ಲೆವೆಲ್‌ನಲ್ಲಿ ಹೀಗೆ ನಡೆಯೋದೇ ಇಲ್ಲ. ಹಿಂದಿನಿಂದ ಹೊಡೆಯೋದಿದ್ರೆ ಮೊದಲು ಒಂದು ಸದ್ದು ಕೇಳಿಸ್ಬೇಕು. ತಿರುಗೋಕೆ ಎರಡು ಸೆಕೆಂಡು ಕೊಡ್ಬೇಕು. ತಿರುಗದೇ ಇದ್ರೆ ಅದು ಆಡುವವನ ತಪ್ಪು. ಅದು ಇರುವೆ ನಿಯಮ."

ನಿಯಮ. ಆ ಮಾತು ನನ್ನ ಕಿವಿಗೆ ನಾಟಿತು. ನಿಯಮ ಇದ್ದ ಕಡೆ ಅಭ್ಯಾಸ ಇರುತ್ತದೆ. ಅಭ್ಯಾಸ ಇದ್ದ ಕಡೆ ನನಗೆ ಕೆಲಸ ಇರುತ್ತದೆ.

ಅಕ್ಕ ಕೆಲಸಕ್ಕೆ ಹೊರಡುವ ಮುಂಚೆ ಒಂದು ಪೆನ್‌ಡ್ರೈವ್ ಕೊಟ್ಟಳು. ಇರುವೆಯ ಹಳೆಯ ಇಪ್ಪತ್ತು ಲೆವೆಲ್‌ಗಳು.

* * *

ಇರುವೆಯ ಜೊತೆ ಲೆವೆಲ್ ಕಟ್ಟುವವರು ಇನ್ನಿಬ್ಬರು. ಒಬ್ಬನ ಅಡ್ಡಹೆಸರು 'ಚೌಕ', ಇನ್ನೊಬ್ಬಳದು 'ಮದ್ದು'. ಔಷಧಿ ಅಂಗಡಿ ನಡೆಸುತ್ತಾಳೆ. ಆಟದಲ್ಲಿ ಗುಂಡು ಹಂಚುವುದರಲ್ಲಿ ಎತ್ತಿದ ಕೈ. ಎರಡಕ್ಕೂ ಒಂದೇ ಹೆಸರು ಸಾಕಾಗಿದೆ. ಮಧ್ಯಾಹ್ನ ಅವಳ ಕೌಂಟರಿನ ಮುಂದೆ, ಕೆಮ್ಮುವವರ ಸಾಲಿನಲ್ಲಿ ನಿಂತೆ. ನಾನು ಬರುತ್ತೇನೆಂದು ಅಕ್ಕ ಫೋನಿನಲ್ಲಿ ಹೇಳಿದ್ದಳು.

"ಇರುವೆ ಸುದ್ದಿ ಏನಾದ್ರೂ ಸಿಕ್ತಾ?" ಎಂದಳು ನಾನು ಬಾಯಿ ತೆರೆಯುವ ಮುಂಚೆಯೇ. ಕಣ್ಣಿನ ಕೆಳಗೆ ಕಪ್ಪು. "ಊಟಕ್ಕೆ ಮುಂಚೆ ಒಂದು, ಆಮೇಲೆ ಒಂದು." ಇದು ನನಗಲ್ಲ, ಪಕ್ಕದ ಮುದುಕರಿಗೆ.

"ಹೊಸ ಮೂರು ಲೆವೆಲ್ ನೀವು ಆಡಿದ್ರಾ?"

"ಒಂದು ಆಡಿದೆ. ಅರ್ಧಕ್ಕೆ ಬಿಟ್ಟೆ. ಸಿಟ್ಟು ಬಂತು, ಹೇಳದೇ ಕೇಳದೇ ಹೋದವನು ಲೆವೆಲ್ ಮಾತ್ರ ಹಾಕ್ತಾನಲ್ಲ ಅಂತ." ಮಾತ್ರೆಯ ಪಟ್ಟಿ ಕತ್ತರಿಸುತ್ತ ಕೇಳಿದಳು, "ಯಾಕೆ, ಅವನದ್ದಲ್ವಾ?"

"ಅದನ್ನೇ ಕೇಳೋಕೆ ಬಂದೆ. ನೀವು ಲೆವೆಲ್ ಕಟ್ಟೋದು ಎಲ್ಲಿಂದ ಶುರು ಮಾಡ್ತೀರಿ?"

"ಗುಂಡಿನಿಂದ." ಅವಳಿಗೆ ಈ ಪ್ರಶ್ನೆ ಇಷ್ಟವಾಯಿತು. "ಆಡುವವನ ಹತ್ರ ಎಷ್ಟು ಗುಂಡು ಇರ್ಬೇಕು ಅಂತ ಮೊದಲು ಲೆಕ್ಕ. ಯಾವಾಗಲೂ ಎರಡು ಗುಂಡು ಕಮ್ಮಿ ಕೊಡ್ತೀನಿ. ಭಯ ಇರ್ಬೇಕು. ಆಮೇಲೆ ದೆವ್ವ, ಕೊನೆಗೆ ಗೋಡೆ. ಚೌಕ ಇದಾನಲ್ಲ, ಅವನದು ಉಲ್ಟಾ. ಮೊದಲು ಗ್ರಾಫ್ ಕಾಗದದಲ್ಲಿ ಪೂರ್ತಿ ನಕ್ಷೆ. ಗೋಡೆ ಮುಗಿಯೋ ತನಕ ಒಂದು ದೆವ್ವನೂ ಇಡಲ್ಲ."

"ಇರುವೆ?"

"ಅವನು ಎಲ್ಲಿಂದ ಶುರು ಮಾಡ್ತಾನೆ ಅಂತ ದೇವರಿಗೇ ಗೊತ್ತು. ಕೇಳಿದ್ರೆ ನಗ್ತಿದ್ದ." ಒಂದು ಕ್ಷಣ ಅವಳ ಕತ್ತರಿ ನಿಂತಿತು. "ಆದ್ರೆ ಫೈಲ್ ಬಿಚ್ಚಿ ನೋಡಿದ್ರೆ ಗೊತ್ತಾಗ್ಬಹುದು. ಎಳೆದ ಪ್ರತಿ ಗೋಡೆಗೂ ಒಂದು ನಂಬರ್ ಬೀಳುತ್ತೆ. ಮೊದಲು ಎಳೆದದ್ದು ಮೊದಲ ನಂಬರ್. ಯಾರೂ ನೋಡೋಕೆ ಹೋಗಲ್ಲ ಅಷ್ಟೆ."

ನಾನು ಕೌಂಟರಿನ ಗಾಜನ್ನು ಹಿಡಿದುಕೊಂಡೆ.

ಗೆರೆ ಎಳೆದ ಕ್ರಮ! ಕಳ್ಳ ಸಹಿ ಹಾಕುವವನು ಅಕ್ಷರದ ಆಕಾರ ಕದಿಯುತ್ತಾನೆ. ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬುದನ್ನು ಕದಿಯಲಾರ. ಇಪ್ಪತ್ತಾರು ವರ್ಷ ನನ್ನ ಹೊಟ್ಟೆ ಹೊರೆದದ್ದು ಅದೊಂದೇ ಗುಟ್ಟು. ಈ ಹುಡುಗಿ ಅದನ್ನು ಕೆಮ್ಮಿನ ಔಷಧಿಯ ಜೊತೆ ಕಟ್ಟಿಕೊಡುತ್ತಿದ್ದಾಳೆ!

"ಇನ್ನೊಂದು ಮಾತು. ಇರುವೆ ಖಾತೆಯ ಪಾಸ್‌ವರ್ಡ್?"

"ನಮ್ಮ ಮೂವರ ಪಾಸ್‌ವರ್ಡೂ ಮೂವರಿಗೂ ಗೊತ್ತು. ಒಬ್ಬರ ತಪ್ಪು ಇನ್ನೊಬ್ಬರು ತಿದ್ದೋರು." ಆಮೇಲೆ ಅವಳ ಮುಖ ಬಿಳುಪೇರಿತು. "ನಾನಲ್ಲ ಮೇಡಂ."

"ಇನ್ನೂ ಯಾರನ್ನೂ ಅಂದಿಲ್ಲಮ್ಮ," ಎಂದೆ.

* * *

ಬುಧವಾರ ಪೂರ್ತಿ ನಾವು ಗಂಡ ಹೆಂಡತಿ ಕಂಪ್ಯೂಟರಿಗೆ ಅಂಟಿಕೊಂಡೆವು. ಲೆವೆಲ್ ಕಟ್ಟುವ ಸಾಫ್ಟ್‌ವೇರನ್ನು ಮದ್ದು ಕಳಿಸಿಕೊಟ್ಟಿದ್ದಳು. ನಮ್ಮನೆಯವರು ನಂಬರ್ ಓದುವುದು, ನಾನು ಪ್ರಿಂಟಿನ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುವುದು.

ಎರಡು ಸಲ ಕಂಪ್ಯೂಟರ್ ಸತ್ತಿತು. ಒಂದು ಸಲ ನಮ್ಮನೆಯವರು ಉಳಿಸದೇ ಮುಚ್ಚಿಬಿಟ್ಟರು. "ಒಂದು ಕೆಲಸ ನೆಟ್ಟಗೆ ಮಾಡಿದ್ದಿದ್ಯಾ?" ಎಂದೆ. "ಹದಿನಾಲ್ಕು ಸಲ ಸತ್ತವಳು ಮಾತಾಡ್ಬಾರ್ದು," ಎಂದರು. ಮತ್ತೆ ಒಂದನೆಯ ನಂಬರಿನಿಂದ ಓದತೊಡಗಿದರು.

ಇರುವೆಯ ಹಳೆಯ ಇಪ್ಪತ್ತರಲ್ಲೂ ಒಂದನೆಯ ಗೆರೆ ಒಂದು ಕಿಟಕಿ. ಆಟ ಶುರುವಾಗಿ ಕಣ್ಣು ಬಿಟ್ಟರೆ ಎದುರಿಗೆ ಕಾಣುವ ಕಿಟಕಿ. ಆ ಕಿಟಕಿಯಿಂದ ಗೋಡೆ ಎಡಕ್ಕೆ ಬೆಳೆಯುತ್ತದೆ, ಮನಸ್ಸು ಬಂದಲ್ಲಿ ತಿರುಗುತ್ತದೆ. ಒಂದು ಮೂಲೆಯೂ ನೇರವಿಲ್ಲ. ಇಡೀ ಜಾಗ ಒಳಗಿನಿಂದ ಹೊರಕ್ಕೆ, ಕುರುಡರು ತಡವಿಕೊಂಡು ಹೋದ ಹಾಗೆ ಬೆಳೆದಿತ್ತು.

ಹೊಸ ಮೂರರಲ್ಲಿ ಮೊದಲ ನಾಲ್ಕು ಗೆರೆ ಹೊರಗಿನ ಚೌಕಟ್ಟು. ಮೂರರಲ್ಲೂ ಮೇಲಿನ ಎಡ ಮೂಲೆಯಿಂದಲೇ ಶುರು.

ಪೆನ್ನು ಕೆಳಗಿಟ್ಟೆ. ಎರಡು ಕೈ. ಅನುಮಾನವೇ ಇಲ್ಲ. ಆದರೂ ಖುಷಿಯಾಗಲಿಲ್ಲ. ಠಾಣೆಯ ಅಧಿಕಾರಿಯ ಮುಂದೆ ಈ ಕೆಂಪು ಗುರುತುಗಳನ್ನು ಹರಡಿದರೆ ಅವರು ಏನೆನ್ನುತ್ತಾರೆ ಎಂದು ನನಗೆ ಈಗಲೇ ಕೇಳಿಸುತ್ತಿತ್ತು. 'ಮೇಡಂ, ಇದು ಆಟ.' ನನಗೆ ಬೇಕಿದ್ದದ್ದು ಚೌಕನ ತಪ್ಪೊಪ್ಪಿಗೆ.

* * *

ಗುರುವಾರ ಮಧ್ಯಾಹ್ನ ಚೌಕ ಕೆಲಸ ಮಾಡುತ್ತಿದ್ದ ಕಟ್ಟಡದಲ್ಲಿ ಲಿಫ್ಟ್ ಇನ್ನೂ ಕೂರಿಸಿರಲಿಲ್ಲ. ಐದು ಮಹಡಿ ಹತ್ತಿದೆ. ಪ್ರತಿ ಮಹಡಿಯಲ್ಲೂ ಮೊಣಕಾಲು ನನ್ನನ್ನು ಬೈಯಿತು.

ಅವನು ಸ್ನಾನದ ಮನೆಯ ನೆಲಕ್ಕೆ ಟೈಲ್ಸ್ ಕೂರಿಸುತ್ತಿದ್ದ. ನಲವತ್ತರ ಆಸುಪಾಸಿನ ಮನುಷ್ಯ. ಮಂಡಿಗೆ ರಬ್ಬರ್ ಪಟ್ಟಿ, ಕಿವಿಗೆ ಪೆನ್ಸಿಲ್. ಒಂದು ಟೈಲ್ ಇಡುವುದು, ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುವುದು, ರಸಮಟ್ಟ ಇಟ್ಟು ಗುಳ್ಳೆ ನಡುವೆ ಬಂತೋ ಎಂದು ನೋಡುವುದು.

"ಓನರ್ ಕಡೆಯವರಾ?" ಎಂದ, ತಲೆ ಎತ್ತದೆ.

"ಇರುವೆ ಕಡೆಯವಳು."

ಸುತ್ತಿಗೆ ನಿಂತಿತು.

ಹೊಸದಾಗಿ ಕೂರಿಸಿದ ಟೈಲ್ಸ್ ಬಿಟ್ಟು, ಒಣಗಿದ ಮೂಲೆಯಲ್ಲಿ ಎರಡು ಕಾಗದ ಹರಡಿದೆ. "ಇದು ನಿಮ್ಮ ಹೆಸರಲ್ಲಿರೋ ಲೆವೆಲ್. ಇದು ಹೋದ ತಿಂಗಳು ಇರುವೆ ಹೆಸರಲ್ಲಿ ಬಂದದ್ದು. ಎರಡರಲ್ಲೂ ಮೊದಲು ಹೊರಗಿನ ಚೌಕಟ್ಟು, ಮೇಲಿನ ಎಡ ಮೂಲೆಯಿಂದ. ಆಮೇಲೆ ಎಲ್ಲ ಗೋಡೆಯ ಉದ್ದವೂ ಅರವತ್ತನಾಲ್ಕರ ಮಗ್ಗಿಯಲ್ಲಿ. ದೆವ್ವಗಳೆಲ್ಲ ಕೊನೆಗೆ."

"ಸಾವಿರ ಜನ ಹಾಗೇ ಎಳೀತಾರೆ ಮೇಡಂ."

"ಸಾವಿರ ಜನರಿಗೆ ಇರುವೆ ಪಾಸ್‌ವರ್ಡ್ ಗೊತ್ತಾ?"

ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಒರೆಸುತ್ತಲೇ ಇದ್ದ.

"ಇರುವೆ ಗೋಡೆ ಡೊಂಕು. ಇದರಲ್ಲೂ ಡೊಂಕಿದೆಯಲ್ಲ?" ಎಂದ ಕೊನೆಗೆ.

"ಇದೆ. ಅದೇ ನಿಮ್ಮನ್ನ ಹಿಡಿದುಕೊಟ್ಟದ್ದು. ಎಲ್ಲ ನೇರವಾಗಿ ಎಳೆದು, ಕೊನೆಯಲ್ಲಿ ಮೂಲೆಗಳನ್ನ ಆಚೀಚೆ ಎಳೆದಿದೀರಿ. ಪ್ರತಿ ಮೂಲೆಯೂ ಸರಿಯಾಗಿ ಎಂಟು ಅಳತೆ ಸರಿದಿದೆ. ಒಂಬತ್ತಿಲ್ಲ, ಏಳಿಲ್ಲ. ಡೊಂಕನ್ನೂ ಅಳೆದು ಮಾಡೋ ಮನುಷ್ಯ ನಾನು ಇವತ್ತಿನವರೆಗೆ ನೋಡಿರ್ಲಿಲ್ಲ."

ಅವನು ನಕ್ಕ. ಅಳು ಬರುವ ಮುಂಚೆ ಕೆಲವರು ನಗುತ್ತಾರಲ್ಲ, ಹಾಗೆ.

"ಹನ್ನೊಂದು ವರ್ಷ ಮೇಡಂ," ಎಂದ. "ಹನ್ನೊಂದು ವರ್ಷದಲ್ಲಿ ಮೂವತ್ತೆರಡು ಲೆವೆಲ್ ಕಟ್ಟಿದೀನಿ. ಜನ ಏನು ಬರೀತಾರೆ ಗೊತ್ತಾ? 'ಅಚ್ಚುಕಟ್ಟಾಗಿದೆ.' ಅಷ್ಟೆ. ಟೈಲ್ಸ್ ಹಾಕಿದ್ರೂ ಅಚ್ಚುಕಟ್ಟಾಗಿದೆ, ಲೆವೆಲ್ ಕಟ್ಟಿದ್ರೂ ಅಚ್ಚುಕಟ್ಟಾಗಿದೆ! ಒಬ್ಬನಾದ್ರೂ ಎದೆ ನಡುಗ್ತು ಅನ್ಲಿಲ್ಲ."

"ಇರುವೆಗೆ ಅಂತಿದ್ರು."

"ಇರುವೆಗೆ ಮಾತ್ರ ಅಂತಿದ್ರು. ಅವನು ಕಾಗದ ಮುಟ್ಟೋನೇ ಅಲ್ಲ. ಯಾರ ಮನೆಗೆ ಹೋದ್ರೂ ಮಾತಾಡ್ತಾ ಮಾತಾಡ್ತಾ ಒಳಗೇ ಹೆಜ್ಜೆ ಎಣಿಸ್ಕೋತೀನಿ, ವಾಪಸ್ ಬಂದು ಆ ಜಾಗ ಹಾಗೇ ಕಟ್ತೀನಿ ಅಂತ ಅವನೇ ಹೇಳಿದ್ದ. ಹಲ್ಲು ಡಾಕ್ಟರ ಕೋಣೆ, ಬ್ಯಾಂಕಿನ ಹಿಂದಿನ ಮೆಟ್ಟಿಲು. ಮಾಮೂಲಿ ಜಾಗ. ಆಡೋವಾಗ ಮಾತ್ರ ಬೆವರು ಬರುತ್ತೆ. ನಾನೂ ಹೆಜ್ಜೆ ಎಣಿಸಿ ನೋಡಿದೆ. ಬರೀ ಸಂಖ್ಯೆ ಸಿಗ್ತು."

"ಅದಕ್ಕೆ ಅವನ ಹೆಸರು ತಗೊಂಡ್ರಿ."

"ಒಂದು ಸಲ ನೋಡೋಣ ಅಂತ!" ಅವನ ದನಿ ಖಾಲಿ ಗೋಡೆಗಳಿಗೆ ಬಡಿಯಿತು. "ನನ್ನ ಲೆವೆಲ್ ಕೆಟ್ಟದ್ದೋ, ನನ್ನ ಹೆಸರು ಕೆಟ್ಟದ್ದೋ, ಅಷ್ಟು ಗೊತ್ತಾಗ್ಲಿ ಅಂತ. ಮೊದಲ ದಿನವೇ ಒಂಬೈನೂರು ಜನ ಇಳಿಸ್ಕೊಂಡ್ರು. ಒಬ್ಬ ಬರೆದಿದ್ದ, ಸೇತುವೆ ಹತ್ರ ಬಂದಾಗ ಅತ್ತುಬಿಟ್ಟೆ ಅಂತ. ನನ್ನ ಸೇತುವೆ ಮೇಡಂ ಅದು. ನಾನು ಆ ರಾತ್ರಿ ನಿದ್ದೆ ಮಾಡ್ಲಿಲ್ಲ. ಮತ್ತೆ ಇನ್ನೆರಡು ಹಾಕಿದೆ."

ನನಗೆ ಅವನ ಮೇಲೆ ಕರುಣೆ ಬಂತು. ಕರುಣೆ ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ನಿಮ್ಮ ಎರಡನೇ ಲೆವೆಲ್ ಬಂದ ಮರುದಿನ ಪೊಲೀಸರು ಇರುವೆ ಫೈಲ್ ಮುಚ್ಚಿದ್ರು," ಎಂದೆ. "ಬದುಕಿದಾನೆ, ಲೆವೆಲ್ ಕಟ್ತಿದಾನೆ, ಹುಡುಕೋ ಅಗತ್ಯ ಇಲ್ಲ ಅಂತ."

ಅವನು ಬಟ್ಟೆ ಬಿಟ್ಟು ರಸಮಟ್ಟವನ್ನು ಕೈಗೆತ್ತಿಕೊಂಡ.

"ಮೂರು ವಾರ ಅವನನ್ನ ಯಾರೂ ಹುಡುಕ್ತಿಲ್ಲ. ನೀವು ಚೆನ್ನಾಗಿ ಕಟ್ಟಿದ್ದಕ್ಕೆ."

ಅವನು ಸಿಮೆಂಟ್ ಚೀಲದ ಮೇಲೆ ಕುಸಿದು ಕೂತ. ರಸಮಟ್ಟ ಕೈಯಿಂದ ಬಿದ್ದು ಹಸಿ ಟೈಲ್ ಒಂದನ್ನು ಸರಿಸಿತು. ಅದನ್ನು ಸರಿಮಾಡಲು ಅವನು ಕೈ ಚಾಚಲಿಲ್ಲ. ಆ ಮನುಷ್ಯನ ಸಂಕಟ ನನಗೆ ಅರ್ಥವಾದದ್ದು ಆಗಲೇ.

"ನನಗೆ ಗೊತ್ತಿರ್ಲಿಲ್ಲ. ದೇವರಾಣೆ ಗೊತ್ತಿರ್ಲಿಲ್ಲ. ಎಲ್ಲೋ ಹೋಗಿದಾನೆ, ಬಂದ್ಮೇಲೆ ಎರಡು ಬೈಸ್ಕೊಂಡ್ರಾಯ್ತು ಅಂದ್ಕೊಂಡಿದ್ದೆ. ಅಕ್ಕನ ಮುಖ ಹೇಗೆ ನೋಡ್ಲಿ ನಾನು?"

"ಮೊದಲು ಬರೀರಿ. ಮೂರೂ ನಿಮ್ಮವು ಅಂತ. ತಾರೀಖು, ಸಹಿ."

ಕಿವಿಯ ಪೆನ್ಸಿಲ್ ಬೇಡವೆಂದು ನನ್ನ ಪೆನ್ನು ಕೊಟ್ಟೆ. ಕಾಗದದ ಹಿಂಬದಿಯಲ್ಲಿ ಅವನು ಬರೆಯತೊಡಗಿದ. ಅಕ್ಷರಗಳು ಡಬ್ಬಿಯಲ್ಲಿ ಜೋಡಿಸಿಟ್ಟ ಹಾಗಿದ್ದವು. ಎರಡು ದಿನದ ನನ್ನ ಸಿಟ್ಟು ಸ್ವಲ್ಪ ತಣ್ಣಗಾಯಿತು. ಈ ಕಾಗದ ಸಾಕು. ಸಂಜೆಯೊಳಗೆ ಫೈಲು ಮತ್ತೆ ತೆರೆಸುತ್ತೇನೆ.

ಫೋನು ಹೊಡೆದುಕೊಂಡಿತು. ನಮ್ಮನೆಯವರು.

"ನಾಲ್ಕನೇದು ಬಂತು," ಎಂದರು.

"ಏನು ನಾಲ್ಕನೇದು?"

"ಲೆವೆಲ್ಲು. ಇರುವೆ ಖಾತೆಯಿಂದ. ಈಗ ತಾನೆ, ಕಾಲು ಗಂಟೆನೂ ಆಗಿಲ್ಲ."

ನಾನು ಚೌಕನನ್ನು ನೋಡಿದೆ. ಅವನು ತಲೆ ತಗ್ಗಿಸಿ ಸಹಿ ಹಾಕುತ್ತಿದ್ದ. ಅರ್ಧ ಗಂಟೆಯಿಂದ ಅವನ ಕೈ ನನ್ನ ಕಣ್ಣ ಮುಂದೆಯೇ ಇತ್ತು.

"ಫೈಲ್ ಬಿಚ್ಚಿದ್ರಾ? ಮೊದಲ ಗೆರೆ ಯಾವುದು?"

"ಕಿಟಕಿ."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ ಹಿಡಿದೆ.

"ಕಿಟಕಿಯಿಂದ ಎಡಕ್ಕೆ ಹೋಗುತ್ತೆ, ಹಳೇ ಇಪ್ಪತ್ತರ ಹಾಗೇ," ಎಂದರು. ಅವರ ದನಿಯಲ್ಲಿ ಏನೋ ಸರಿಯಿರಲಿಲ್ಲ. "ನಾನು ಒಳಗೆ ಹೋಗಿ ಆಡಿಯೂ ನೋಡಿದೆ ಕಣೇ. ಎಡಕ್ಕೆ ಕಪಾಟು. ಆಮೇಲೆ ಗೋಡೆ ಒಳಕ್ಕೆ ತಿರುಗುತ್ತೆ. ಅಲ್ಲಿ ಮೂರು ಮೆಟ್ಟಿಲು ಇಳಿದ್ರೆ ಅಡುಗೆಮನೆ."

"ರೀ..."

"ನಮ್ಮನೆ ಇದು. ನಾನು ಈಗ ಕೂತಿದೀನಲ್ಲ, ಈ ಕೋಣೆ. ಈ ಮೇಜೂ ಇದೆ. ಕಣ್ಣಿಗೆ ಬಿಸಿಲು ಹೊಡೆಯುತ್ತೆ ಅಂತ ಸೋಮವಾರ ಬಾಗಿಲ ಹತ್ರ ಎಳೆದಿಟ್ಟೆನಲ್ಲ? ಅದೇ ಹೊಸ ಜಾಗದಲ್ಲಿದೆ."

ಸೋಮವಾರ. ಬೆರಳಿನಲ್ಲಿ ದಿನ ಎಣಿಸಿದೆ. ಸೋಮವಾರದಿಂದ ಈಚೆಗೆ ನಮ್ಮ ಹೊಸ್ತಿಲು ದಾಟಿದ ಹೊರಗಿನವರು ಒಬ್ಬರೇ, ಮಂಗಳವಾರ ಬೆಳಿಗ್ಗೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳು. ಹಾಲು ತರುವವನೂ ಗೇಟಿನಲ್ಲೇ ಇಟ್ಟು ಹೋಗುತ್ತಾನೆ.

"ಏನಾಯ್ತು ಮೇಡಂ?" ಚೌಕ ಕಾಗದ ಚಾಚಿ ನಿಂತಿದ್ದ.

ನಾನು ಅದನ್ನು ತೆಗೆದುಕೊಳ್ಳಲಿಲ್ಲ.

"ಒಂದು ಮಾತು ಯೋಚಿಸಿ ಹೇಳಿ," ಎಂದೆ. "ಇರುವೆ ಕೂತು ಲೆವೆಲ್ ಕಟ್ಟೋದನ್ನ ನೀವು ಯಾವತ್ತಾದ್ರೂ ಕಣ್ಣಾರೆ ನೋಡಿದೀರಾ?"

ಅವನು ಯೋಚಿಸಿದ. ಹುಬ್ಬು ಗಂಟಾಯಿತು, ಬಿಚ್ಚಿತು, ಮತ್ತೆ ಗಂಟಾಯಿತು.

"ಇಲ್ಲ ಮೇಡಂ," ಎಂದ ನಿಧಾನವಾಗಿ. "ಯಾವಾಗ ಹೋದ್ರೂ ಕಂಪ್ಯೂಟರ್ ಮುಂದೆ ಅಕ್ಕನೇ ಕೂತಿರೋರು."